ತೂಬಿನ ನೀರು, ಸೊಪ್ಪಿನ ಮಡಿ: ಬೆಂಗಳೂರಿನ ತಿಗಳರ ತೋಟಗಳು

ಬೆಂಗಳೂರು ಸೀಮೆಯ ಆಡುಮಾತಿನಲ್ಲಿ ಹೊಲ, ಗದ್ದೆ, ತೋಟ ಎಂಬ ಮೂರು ಹೆಸರುಗಳು ನೆಲವನ್ನು ಹೇಳುವುದಕ್ಕಿಂತ ಹೆಚ್ಚಾಗಿ ನೀರನ್ನು ಹೇಳುತ್ತವೆ. ಮಳೆಯನ್ನು ನಂಬಿ ರಾಗಿ, ಅವರೆ ಬೆಳೆಯುವುದು ಹೊಲ. ಕೆರೆಯ ಏರಿಯಡಿಯಲ್ಲಿ ನೀರು ಬಿಡಲು ಕಟ್ಟಿದ ಕಂಡಿಯಾದ ತೂಬಿನಿಂದ ಹರಿದು ಬಂದ ನೀರನ್ನು ನಿಲ್ಲಿಸಿ ಭತ್ತ ಬೆಳೆಯುವುದು ಗದ್ದೆ. ಬಾವಿಯಿಂದಲೋ ಕಾಲುವೆಯಿಂದಲೋ ಆಗಾಗ ನೀರು ಹಾಯಿಸಿ, ವರ್ಷವಿಡೀ ತರಕಾರಿ, ಹೂವು, ಹಣ್ಣು ತೆಗೆಯುವುದು ತೋಟ. ಊರು ಬೆಳೆದಂತೆ ಹೊಲಗದ್ದೆಗಳು ಬೇಗನೆ ಬಡಾವಣೆಗಳಾದರೂ ತೋಟಗಳು ಮಾತ್ರ ಪೇಟೆಯ ಮಗ್ಗುಲಲ್ಲೇ ತಲೆಮಾರುಗಳ ಕಾಲ ಉಳಿದವು. ಅವನ್ನು ಉಳಿಸಿಕೊಂಡವರಲ್ಲಿ ಮುಖ್ಯರು ತಿಗಳರು, ಅಂದರೆ ತಮ್ಮನ್ನು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುವ ತೋಟಗಾರ ಸಮುದಾಯ.

ಹೈದರ್ ಅಲಿ 1760ರಲ್ಲಿ ಲಾಲ್‌ಬಾಗಿನ ಕೆಲಸ ಆರಂಭಿಸಿದಾಗ ತಮಿಳು ಸೀಮೆಯಿಂದ ಇವರನ್ನು ಕರೆಸಿದನೆಂಬ ಐತಿಹ್ಯವೂ, ಅದಕ್ಕೆ ಬಹಳ ಮೊದಲೇ ಇವರು ಇಲ್ಲಿ ನೆಲೆಸಿದ್ದರೆಂಬ ನಂಬಿಕೆಯೂ ಜೊತೆಜೊತೆಗೆ ಬಳಕೆಯಲ್ಲಿವೆ. ಇವರ ಕಸುಬಿನ ತಿರುಳು ‘ನೀರು ಕಟ್ಟುವುದು’. ಕವಲುಮರದ ಮೇಲೆ ಅಡ್ಡಲಾಗಿ ಕೂರಿಸಿದ ಉದ್ದ ತೊಲೆಯನ್ನು ಏರಿಳಿಸಿ ನೀರೆತ್ತುವ ಏತ, ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದಂತೆ ಚರ್ಮದ ಚೀಲದಲ್ಲಿ ನೀರು ಮೇಲಕ್ಕೆ ಬರುವ ಕಪಿಲೆ, ಇವೆರಡೂ ಬಾವಿಯ ನೀರನ್ನು ಕಾಲುವೆಗೆ ತಲುಪಿಸುವ ಸಾಧನಗಳಾದರೆ, ಆ ನೀರನ್ನು ಮಡಿಗೆ, ಅಂದರೆ ನಾಲ್ಕೂ ಕಡೆ ಗೇಣುದ್ದದ ಬದು ಕಟ್ಟಿದ ಸಣ್ಣ ಪಾತಿಗೆ, ಹದವಾಗಿ ಹಾಯಿಸುವುದು ಕೈಯ ಕೆಲಸ. ಗುದ್ದಲಿಯ ಒಂದೇ ಏಟಿಗೆ ಬದುವಿನ ಬಾಯಿ ತೆರೆದು, ಎಳೆಯ ಸಸಿ ಮುಳುಗದಂತೆ ಬೇರಷ್ಟೇ ನೆನೆದ ಕ್ಷಣದಲ್ಲಿ ಅದೇ ಮಣ್ಣಿನಿಂದ ಬಾಯಿ ಮುಚ್ಚಿ ಮುಂದಿನ ಮಡಿಗೆ ನೀರನ್ನು ತಿರುಗಿಸುವ ಈ ಕೆಲಸ ನೋಡುವವರಿಗೆ ಸುಲಭವಾಗಿ ಕಂಡರೂ, ಕಲಿಯಲು ಬಾಲ್ಯದಿಂದಲೇ ತೋಟದಲ್ಲಿ ಬೆಳೆಯಬೇಕಾಗುತ್ತಿತ್ತು.

1809ರಲ್ಲಿ ಬ್ರಿಟಿಷರು ಪೇಟೆಯ ಪೂರ್ವಕ್ಕೆ ದಂಡು, ಅಂದರೆ ಸೇನಾ ವಸತಿಯನ್ನು ಸ್ಥಾಪಿಸಿದ ಮೇಲೆ ಈ ತೋಟಗಳ ಬೆಳೆಯೇ ಬದಲಾಯಿತು. ದಂಡಿನ ಊಟದ ಮೇಜಿಗೆ ಬೇಕಾದ ಕೋಸು, ಹೂಕೋಸು, ಗಜ್ಜರಿ, ಬೀಟ್‌ರೂಟ್‌ಗಳನ್ನು ತಣ್ಣನೆಯ ಹವೆಯ ಬೆಂಗಳೂರು ಚೆನ್ನಾಗಿಯೇ ಬೆಳೆಯಿತು. 1874ರಿಂದ 1908ರವರೆಗೆ ಲಾಲ್‌ಬಾಗಿನ ಮುಖ್ಯಸ್ಥನಾಗಿದ್ದ ಜಾನ್ ಕ್ಯಾಮರಾನ್ ಹೊರಗಿನ ಅನೇಕ ತಳಿಗಳನ್ನು ತರಿಸಿ ಹರಡಿದನು. ಸೀಮೆಬದನೆ ಅವನ ಕಾಲದಲ್ಲೇ ಇಲ್ಲಿ ಬೇರೂರಿತೆಂದು ಹೇಳಲಾಗುತ್ತದೆ. ಕನ್ನಡಿಗರು ಹೊರಸೀಮೆಯದೆಂದು ಹೆಸರಿಟ್ಟ ಆ ಕಾಯಿಯನ್ನು ತಮಿಳರೂ ತೆಲುಗರೂ ಬೆಂಗಳೂರು ಬದನೆಯೆಂದೇ ಕರೆದರೆಂಬುದು, ಇಲ್ಲಿನ ತೋಟಗಾರರು ಪರದೇಶದ ಬೆಳೆಯನ್ನು ಎಷ್ಟು ಬೇಗ ತಮ್ಮದಾಗಿಸಿಕೊಂಡರೆಂಬುದಕ್ಕೆ ಸಾಕ್ಷಿ.

ಆದರೆ ತೋಟಕ್ಕೆ ಗಿರಾಕಿಯನ್ನು ಕೊಟ್ಟ ನಗರವೇ ತೋಟದ ನೀರನ್ನೂ ಕಿತ್ತುಕೊಂಡಿತು. ಸಂಪಂಗಿ ಕೆರೆಯ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದರೂ ದಂಡು ಬ್ರಿಟಿಷರ ಕೈಯಲ್ಲೇ ಉಳಿದುದರಿಂದ, ಪೇಟೆಗೂ ದಂಡಿಗೂ ನಡುವೆ ಇದ್ದ ಈ ಕೆರೆ ಎರಡು ಆಡಳಿತಗಳ ಎಳೆದಾಟಕ್ಕೆ ಸಿಕ್ಕಿತು. ಕೆರೆ ತುಂಬಿದ್ದರೆ ತಮ್ಮ ಬಾವಿಗಳಲ್ಲಿ ನೀರಿರುತ್ತದೆಂದು ತೋಟಗಾರರು ಬೇಡಿದರು. ಅಂಗಳ ಒಣಗಿದ್ದರೆ ಪೋಲೋ ಆಡಬಹುದೆಂದು ದಂಡಿನವರು ಬಯಸಿದರು. ಈ ನಡುವೆ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರತೊಡಗಿತು. ಕುಡಿಯುವ ನೀರಿಗೆ ಊರಕೆರೆಯ ಹಂಗು ತಪ್ಪಿದ ಮೇಲೆ ಆಡಳಿತದ ಕಣ್ಣಿಗೆ ಕೆರೆ ಬರಿಯ ಬಯಲಾಗಿ ಕಂಡಿತು. ನಲ್ಲಿಯ ನೀರು ಮನೆಗೆ ಬಂದಿತೇ ಹೊರತು ಮಡಿಗೆ ಬರಲಿಲ್ಲ. ತೋಟಗಳು ಮೊದಲು ಸೋತದ್ದು ನೆಲವನ್ನಲ್ಲ, ನೀರಿನ ಮೇಲಿನ ಹಕ್ಕನ್ನು. ನೆಲ ಹೋದದ್ದು ಅನಂತರ. ಈ ಕ್ರಮವನ್ನು ಗಮನಿಸದೆ ನಗರದ ಬೆಳವಣಿಗೆಯನ್ನಷ್ಟೇ ದೂರುವ ಬರಹಗಳು ಅರ್ಧ ಚರಿತ್ರೆಯನ್ನು ಬಿಟ್ಟುಬಿಡುತ್ತವೆ. ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಪೇಟೆಯ ಪಶ್ಚಿಮದ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ತಿಗಳರು ಚೈತ್ರ ಹುಣ್ಣಿಮೆಯಂದು ಆಚರಿಸುವ ಕರಗ ಮಹೋತ್ಸವಕ್ಕೆ ಮೊದಲು ನಡೆಯುವ ‘ಹಸಿ ಕರಗ’ದ ವಿಧಿಗಾಗಿ ಸಮುದಾಯದವರು ಈಗಲೂ ಸಂಪಂಗಿ ಕೆರೆಯ ನೆಲೆಗೇ ಬರುತ್ತಾರೆ, ತೋಟಗಳಿಗೆ ಉಣಿಸಿದ ಕೆರೆಯಲ್ಲಿ ಈಗ ಉಳಿದಿರುವುದು ಆ ವಿಧಿಗೆ ಸಾಲುವಷ್ಟು ನೀರಿನ ಕುಂಟೆ ಮಾತ್ರ.

ನೀರು ಕಳೆದುಕೊಂಡ ತೋಟಗಾರರು ಬೆಳೆಯನ್ನೇ ಬದಲಿಸಿ ಬದುಕಿದರು. ದೂರದ ಊರುಗಳಿಂದ ಲಾರಿಗಳಲ್ಲಿ ಕೋಸು, ಗಜ್ಜರಿ ಬರಲಾರಂಭಿಸಿದಾಗ ಪೇಟೆಯ ತೋಟಕ್ಕೆ ಉಳಿದದ್ದು ದೂರ ಸಾಗಿಸಿದರೆ ಬಾಡುವ ಸೊಪ್ಪು: ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ. ಮೆಂತ್ಯದ ಸೊಪ್ಪು ಬಿತ್ತಿದ ಸುಮಾರು ಒಂದು ತಿಂಗಳಲ್ಲಿ ಕೀಳಲು ಬರುವುದರಿಂದ, ಮಾಲೀಕನು ಯಾವಾಗ ಮನೆ ಕಟ್ಟಲು ಹೊರಡುವನೋ ತಿಳಿಯದ ಗುತ್ತಿಗೆಯ ನಿವೇಶನದಲ್ಲಿಯೂ ಧೈರ್ಯವಾಗಿ ಬಿತ್ತಬಹುದು. ಮಾವು ನೆಡಲು ಬೇಕಾದ ಭರವಸೆ ಸೊಪ್ಪಿಗೆ ಬೇಡ. ಬೇರಿನ ಮಣ್ಣು ತೊಳೆದು ಕಟ್ಟು ಕಟ್ಟಿ, ಬೆಳಕು ಹರಿಯುವ ಮೊದಲೇ ಮಾರುಕಟ್ಟೆ ಮುಟ್ಟಿಸುವಷ್ಟು ಹತ್ತಿರವಿರುವುದೇ ಈ ತೋಟದ ಬಲ. ಆದರೆ ಕೆರೆಯ ಬದಲಿಗೆ ಹಲವೆಡೆ ಸಿಕ್ಕಿದ್ದು ಚರಂಡಿಯ ನೀರು. ವೃಷಭಾವತಿಯ ದಂಡೆಯಲ್ಲಿ ಆ ನೀರಿನಲ್ಲೇ ಬೇಸಾಯ ನಡೆಯುತ್ತ ಬಂದಿದೆ. ಕಾರ್ಖಾನೆಯ ಕಶ್ಮಲ ಸೇರಿದ ನೀರು ಉಣ್ಣುವವರಿಗೂ ಬೆಳೆಯುವವರಿಗೂ ಅಪಾಯವೆಂಬುದರಲ್ಲಿ ಸಂದೇಹವಿಲ್ಲ, ಆದರೆ ಶುದ್ಧ ನೀರಿನ ಹಾದಿಯನ್ನು ಮುಚ್ಚಿದವರು ಆ ರೈತರಲ್ಲ.

ಲಾಲ್‌ಬಾಗಿಗೆ ಅಂಟಿಕೊಂಡ ಸಿದ್ದಾಪುರದಲ್ಲಿ ಹೊಂದಾಣಿಕೆ ಇನ್ನೊಂದು ದಾರಿ ಹಿಡಿದು, ತೋಟಗಳು ನರ್ಸರಿಗಳಾದವು, ಅಂದರೆ ಫಸಲಿನ ಬದಲು ಸಸಿಯನ್ನೇ ಮಾರುವ ಸಸ್ಯಕ್ಷೇತ್ರಗಳಾದವು. ಮಡಿಗಳಿದ್ದಲ್ಲಿ ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದ ಕಪ್ಪು ಪ್ಲಾಸ್ಟಿಕ್ ಚೀಲಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದೊಂದರಲ್ಲಿ ಗುಲಾಬಿ, ತುಳಸಿ, ದಾಸವಾಳ, ಕಸಿ ಕಟ್ಟಿದ ಮಾವು. ಕೊಳ್ಳಲು ಬಂದವರನ್ನು ಬಾಲ್ಕನಿಗೆ ಬಿಸಿಲು ಬೆಳಗ್ಗೆ ಬೀಳುವುದೋ ಮಧ್ಯಾಹ್ನವೋ ಎಂದು ವಿಚಾರಿಸಿ, ಅದಕ್ಕೆ ತಕ್ಕ ಗಿಡವನ್ನು ಆರಿಸಿ ಕೊಟ್ಟು, ಮಣ್ಣನ್ನು ಬೆರಳಿನಿಂದ ಮುಟ್ಟಿ ಒಣಗಿದೆಯೆನಿಸಿದರೆ ಮಾತ್ರ ಒಂದು ಚೊಂಬು ನೀರು ಹಾಕಬೇಕು, ಬೇರಿನಲ್ಲಿ ನೀರು ನಿಲ್ಲಬಾರದು ಎಂದು ಹೇಳಿ ಕಳುಹಿಸುವುದು ಅಲ್ಲಿನ ವ್ಯಾಪಾರದ ರೀತಿ.