ಪೂಜಿಸಿದ ಹಿರಿಯರು, ಅಚ್ಚು ಹಾಕಿಸಿದ ಕಿರಿಯರು

ಹಿರಿಯರಿಗೆ ಕಾಯಕದಲ್ಲಿ ತಾಳ್ಮೆ, ಕಿರಿಯರಿಗೆ ಆತುರ ಎಂಬುದು ಬಹು ಹಳೆಯ ದೂರು. ಇದರ ಸತ್ಯಾಸತ್ಯತೆಯನ್ನರಿಯಲು ನಮ್ಮ ಜೈನಾಪುರ, ಬಬಲೇಶ್ವರ, ತಿಕೋಟಾ ಸೀಮೆಯ ಸದ್ಭಕ್ತರು ದೂರ ಹೋಗಬೇಕಾಗಿಲ್ಲ. ವಿಜಯಪುರದಲ್ಲಿಯೇ ಬಾಳಿದ ಫ. ಗು. ಹಳಕಟ್ಟಿಯವರ (1880–1964) ಚರಿತ್ರೆಯನ್ನು ನೋಡಿದರೆ ಸಾಕು.

ಕಳೆದ ಶತಮಾನದ ಆರಂಭದಲ್ಲಿ ವಚನಗಳ ಬಹುಭಾಗವು ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಓಲೆಗರಿಯ ಕಟ್ಟುಗಳಾಗಿ ಉಳಿದಿತ್ತು. ಹಿರಿಯರು ಅವನ್ನು ವಸ್ತ್ರದಲ್ಲಿ ಸುತ್ತಿ, ದೇವರ ಜಗಲಿಯ ಮೇಲಿಟ್ಟು, ವಿಭೂತಿ ಪತ್ರಿಗಳಿಂದ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ವಿರಳ. ಪರರ ಕೈಗೆ ಕೊಡುವವರು ಇನ್ನೂ ವಿರಳ. ಮುಂಬಯಿಯಲ್ಲಿ ಕಾನೂನು ಕಲಿತು ಬಂದ ತರುಣ ವಕೀಲರಾದ ಹಳಕಟ್ಟಿಯವರಿಗಾದರೋ ಪೂಜೆಯಷ್ಟೇ ಸಾಲದೆನಿಸಿತು. ರಬಕವಿ-ಬನಹಟ್ಟಿಯ ಕಡೆ ಇಂಥ ಕಟ್ಟುಗಳನ್ನು ಕಂಡಂದಿನಿಂದ ಊರೂರು ಅಲೆದು, ಬೇಡಿ ತಂದು, ನಕಲು ಮಾಡಿಕೊಂಡರು. ಪದಗಳ ನಡುವೆ ತೆರಪಿಲ್ಲದ ಆ ಬರವಣಿಗೆಯನ್ನು ಓದುವುದೇ ಒಂದು ತಪಸ್ಸು. 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ಕಿರಿಯರ ಆತುರವೆಂಬುದು ಇಲ್ಲಿ ಸುಮಾರು ಇಪ್ಪತ್ತು ವರ್ಷ ಕಾದಿತ್ತು! ಮುಂದೆ ಅವರು ಇದ್ದ ಮನೆಯನ್ನು ಮಾರಿ 'ಹಿತಚಿಂತಕ' ಮುದ್ರಣಾಲಯ ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು.

ಇದನ್ನು ಹೇಳುವಾಗ ಹಿರಿಯರದು ಕುರುಡು ಪೂಜೆಯೆಂದು ಹಳಿಯುವುದು ವಾಡಿಕೆ. ನನಗದು ಒಪ್ಪಿಗೆಯಿಲ್ಲ. ಅಕ್ಷರ ತಿಳಿಯದಿದ್ದರೂ ಧೂಳು ಕೊಡವಿ, ಹುಳ ಹತ್ತದಂತೆ ನೋಡಿಕೊಂಡವರು ಅವರೇ. ಜಗಲಿಯಿಂದ ಇಳಿದ ಕಟ್ಟು ಅಟ್ಟ ಸೇರಿ ಗೆದ್ದಲಿಗೆ ಆಹಾರವಾಗುತ್ತಿತ್ತು. ಆದರೂ ಒಂದು ಮಾತನ್ನು ಮುಚ್ಚಿಡಲಾಗದು: ಜೀರ್ಣವಾದ ಗ್ರಂಥವನ್ನು ಪವಿತ್ರವೆಂದೇ ಹೊಳೆಗೆ ಬಿಟ್ಟವರೂ ಅದೇ ಹಿರಿಯರು.

ಹಳಕಟ್ಟಿಯವರೂ ಹಿರಿಯರಾದರು. ಅವರ ಬಳಿಕ ಬಂದ ವಿದ್ವಾಂಸರು ಹೊಸ ಓಲೆಗಳನ್ನು ಹುಡುಕಿದರು, ಪಾಠಗಳನ್ನು ತಿದ್ದಿದರು. 1993ರಲ್ಲಿ ಸರ್ಕಾರವೇ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿತು. ಈಗ ಅವೆಲ್ಲ ತರುಣರ ಮೊಬೈಲಿನಲ್ಲಿವೆ. ಅಲ್ಲಿ ಒಬ್ಬ ಶರಣರ ವಚನಕ್ಕೆ ಇನ್ನೊಬ್ಬರ ಹೆಸರಂಟಿ ಹರಿದಾಡುವುದೂ ಉಂಟು. ಮೊಬೈಲು ಮುಟ್ಟದ ಅಜ್ಜ ಅಂಕಿತವನ್ನು ಕೇಳಿದೊಡನೆ ತಪ್ಪನ್ನು ಹಿಡಿಯುತ್ತಾನೆ.

ನಮ್ಮ ಸೀಮೆಯಲ್ಲಿ ಹಳೆಯ ಮಾಳಿಗೆಗಳನ್ನು ಕೆಡವಿ ಸಿಮೆಂಟಿನ ಮನೆ ಕಟ್ಟುತ್ತಿದ್ದಾರೆ. ಕೆಡವಲು ನಿಂತ ಮಗನೂ, ಜಗಲಿಯ ಕಟ್ಟನ್ನು ಮುಟ್ಟಗೊಡದ ತಂದೆಯೂ ಒಂದೇ ಮನೆಯಲ್ಲಿದ್ದಾರೆ. ಅದರೊಳಗೆ ವಚನಗಳಿವೆಯೋ ಬರಿಯ ಲೆಕ್ಕಪತ್ರವಿದೆಯೋ, ಬಿಚ್ಚುವವರೆಗೆ ಇಬ್ಬರಿಗೂ ತಿಳಿಯದು.