ಗೋಡೆಯ ಮೇಲಿನ ಮನೆತನ: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯ ಫೋಟೋಗಳ ಕಥೆ



ನಮ್ಮ ಗಡಿ ಭಾಗದ ಹಳ್ಳಿಗಳಲ್ಲಿ ಯಾವ ಮನೆಯ ಪಡಸಾಲೆಗೆ ಹೋದರೂ ಬಾಗಿಲ ಮೇಲೆ, ತೊಲೆಯ ಕೆಳಗೆ, ಸ್ವಲ್ಪ ಮುಂದಕ್ಕೆ ಬಾಗಿಸಿ ಕಟ್ಟಿದ ಫೋಟೋಗಳ ಸಾಲು ಕಾಣುತ್ತದೆ. ನಡುವೆ ಸಿದ್ಧರಾಮೇಶ್ವರ, ಪಕ್ಕದಲ್ಲಿ ಅಕ್ಕಲಕೋಟೆಯ ಸ್ವಾಮಿ ಸಮರ್ಥರು, ಅವರ ಬಳಿ ರುಮಾಲು ಸುತ್ತಿದ ಅಜ್ಜ, ಸೆರಗು ಹೊದ್ದ ಅಜ್ಜಿ. ಈ ಫೋಟೋಗಳು ನಮ್ಮ ಸೀಮೆಗೆ ಹೇಗೆ ಬಂದವು? ಅವನ್ನು ಯಾವ ರೀತಿಯಿಂದ ತೆಗೆಯುತ್ತಿದ್ದರು? ಅವುಗಳಲ್ಲಿ ಯಾರು ಉಳಿದರು, ಯಾರು ಉಳಿಯಲಿಲ್ಲ? ಈ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

1839ರಲ್ಲಿ ಫ್ರಾನ್ಸಿನಲ್ಲಿ ಡಾಗೆರ್ ಎಂಬಾತನ ವಿಧಾನ ಪ್ರಕಟವಾಯಿತು. ಮರುವರ್ಷವೇ ಆ ವಿದ್ಯೆ ಕಲಕತ್ತೆಗೆ ಬಂದಿತು. ಮುಂಬಯಿಯಲ್ಲಿ 1854ರಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಸ್ಥಾಪನೆಯಾಯಿತು. ಅಲ್ಲಿ ಬಿಳಿಯರಷ್ಟೇ ಅಲ್ಲ, ಡಾ. ಭಾವು ದಾಜಿ ಲಾಡ್ ಅವರ ತಮ್ಮ ಡಾ. ನಾರಾಯಣ ದಾಜಿಯವರಂಥ ನಮ್ಮ ಜನರೂ ಇದ್ದರು. ಹರಿಚಂದ ಚಿಂತಾಮಣ ಎಂಬವರು ಮುಂಬಯಿಯಲ್ಲಿ ಸ್ವಂತ ಸ್ಟುಡಿಯೊ ಇಟ್ಟು ಹೆಸರು ಮಾಡಿದರು. ಹೀಗೆ ಈ ಕಸುಬು ಹುಟ್ಟಿದ ಹದಿನೈದು-ಇಪ್ಪತ್ತು ವರ್ಷಗಳಲ್ಲಿಯೇ ನಮ್ಮವರ ಕೈಗೆ ಬಂದಿತ್ತು.

ಮುಂಬಯಿಯಿಂದ ನಮ್ಮ ಕಡೆಗೆ ಅದನ್ನು ತಂದದ್ದು ರೈಲು. 1860ರಲ್ಲಿ ರೈಲು ಸೊಲ್ಲಾಪುರ ಮುಟ್ಟಿತು. 1871ರ ಹೊತ್ತಿಗೆ ಹಳಿ ಅಕ್ಕಲಕೋಟೆ ರೋಡು, ಕಲಬುರಗಿ ದಾಟಿ ರಾಯಚೂರಿನವರೆಗೆ ಹೋಯಿತು. ಗಾಜಿನ ಪ್ಲೇಟು, ಔಷಧದ ಬಾಟಲಿ, ಮರದ ಕ್ಯಾಮೆರಾ, ಮುಕ್ಕಾಲಿ, ಇಷ್ಟೆಲ್ಲ ಸಾಮಾನು ಹೇರಿಕೊಂಡು ಚಕ್ಕಡಿಯಲ್ಲಿ ಮುಂಬಯಿಯಿಂದ ಬರುವುದು ಹುಡುಗಾಟವಲ್ಲ. ರೈಲು ಬಂದ ಮೇಲೆ ಒಂದು ರಾತ್ರಿಯ ಪ್ರಯಾಣವಾಯಿತು.

ನಮ್ಮ ಸೀಮೆಯಲ್ಲಿ ಅತ್ಯಂತ ಹೆಚ್ಚು ಮನೆಗಳಿಗೆ ಹೋದ ಹಳೆಯ ಫೋಟೋ ಯಾವುದು ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: ಅಕ್ಕಲಕೋಟೆಯ ಸ್ವಾಮಿ ಸಮರ್ಥರದು. ಸ್ವಾಮಿಗಳು ಸುಮಾರು 1856ರಲ್ಲಿ ಅಕ್ಕಲಕೋಟೆಗೆ ಬಂದು, 1878ರಲ್ಲಿ ಅಲ್ಲಿಯೇ ಸಮಾಧಿಸ್ಥರಾದರು. ಅವರ ಫೋಟೋವನ್ನು ಕೊಡಕ್ ಕಂಪನಿಯವರು ಬಂದು ತೆಗೆದರೆಂದು ಭಕ್ತರಲ್ಲಿ ಒಂದು ಮಾತು ಇದೆ. ಭಕ್ತಿಯ ಮಾತನ್ನು ಭಕ್ತರಿಗೆ ಬಿಡೋಣ. ಇತಿಹಾಸದ ಲೆಕ್ಕ ಮಾತ್ರ ಬೇರೆ ಇದೆ. ಕೊಡಕ್ ಎಂಬ ಹೆಸರು ಹುಟ್ಟಿದ್ದೇ 1888ರಲ್ಲಿ, ಸ್ವಾಮಿಗಳ ಸಮಾಧಿಯಾಗಿ ಹತ್ತು ವರ್ಷಗಳ ನಂತರ. ಆ ಕಂಪನಿಯ ಸ್ಥಾಪಕ ಜಾರ್ಜ್ ಈಸ್ಟ್‌ಮನ್ 1877ರಲ್ಲಿ ಅಮೆರಿಕದ ರಾಚೆಸ್ಟರ್ ಊರಿನ ಬ್ಯಾಂಕಿನಲ್ಲಿ ಕಾರಕೂನನಾಗಿದ್ದ. ತನ್ನ ಮೊದಲ ಕ್ಯಾಮೆರಾ ಕೊಂಡದ್ದೇ ಆ ವರ್ಷ. ಅಂದರೆ ಸ್ವಾಮಿಗಳ ಫೋಟೋ ಕೊಡಕ್ಕಿಗಿಂತ ಹಳೆಯದು. ಅದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ಏಕೆಂದರೆ ಆ ಕಾಲದಲ್ಲಿ ನಮ್ಮ ದೇಶದಲ್ಲಿ ಫೋಟೋ ತೆಗೆಯುತ್ತಿದ್ದುದು ಹಸಿ ಪ್ಲೇಟಿನ ಮೇಲೆ. ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರವ ಸವರಿ, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಆರುವುದರೊಳಗೆ ಫೋಟೋ ತೆಗೆದು, ಕತ್ತಲೆಯಲ್ಲಿ ತೊಳೆದೂ ಮುಗಿಸಬೇಕು. ಹತ್ತು ಹದಿನೈದು ನಿಮಿಷದ ಆಟ. ನಮ್ಮ ಬಿಸಿಲಿನಲ್ಲಿ ಅಷ್ಟೂ ಇಲ್ಲ. ಹೀಗಾಗಿ ಫೋಟೋಗ್ರಾಫರ್ ಹೋದಲ್ಲೆಲ್ಲ ಕತ್ತಲೆಯ ಡೇರೆಯೂ ಹೋಗಬೇಕು. ಕುಳಿತವರು ಕೆಲವು ಸೆಕೆಂಡು ಕಲ್ಲಿನಂತೆ ಕುಳಿತಿರಬೇಕು. ಹಳೆಯ ಫೋಟೋಗಳಲ್ಲಿ ಯಾರೂ ನಗುವುದಿಲ್ಲವೇಕೆ ಎಂದು ಮಕ್ಕಳು ಕೇಳುತ್ತಾರಲ್ಲ, ಅದಕ್ಕೆ ಒಂದು ಕಾರಣ ಇದು. ನಗುವನ್ನು ಅಷ್ಟು ಹೊತ್ತು ಹಿಡಿದಿಡಲು ಬರುವುದಿಲ್ಲ. ಇನ್ನೊಂದು ಕಾರಣ, ಫೋಟೋ ಎಂದರೆ ಗಂಭೀರವಾದ ಕೆಲಸ, ಜೀವನದಲ್ಲಿ ಒಂದೋ ಎರಡೋ ಸಲ ಆಗುವಂಥದು.

ಮೊದಮೊದಲು ಈ ಭಾಗ್ಯ ಸಂಸ್ಥಾನಿಕರಿಗೆ, ದೊಡ್ಡ ಸಾವುಕಾರರಿಗೆ ಮಾತ್ರ. ನಮ್ಮ ಪಕ್ಕದ ಹೈದರಾಬಾದು ಸಂಸ್ಥಾನದಲ್ಲಿ ಲಾಲಾ ದೀನದಯಾಳ್ ನಿಜಾಮರ ಫೋಟೋಗ್ರಾಫರ್ ಆಗಿ ‘ರಾಜಾ’ ಪದವಿ ಪಡೆದರು. 1892ರಲ್ಲಿ ಹೈದರಾಬಾದಿನಲ್ಲಿ ಗೋಷಾ ಹೆಂಗಸರಿಗಾಗಿಯೇ ಅವರು ಒಂದು ಜನಾನಾ ಸ್ಟುಡಿಯೊ ತೆರೆದರು. ಅಲ್ಲಿ ಫೋಟೋ ತೆಗೆಯುವವರೂ ಹೆಂಗಸರೇ. ಆ ಕಾಲದಲ್ಲಿ ಮನೆಯ ಹೆಂಗಸು ಪರಪುರುಷನ ಎದುರು ಕುಳಿತು ಫೋಟೋ ತೆಗೆಸುವುದು ಎಷ್ಟು ದೊಡ್ಡ ಪ್ರಶ್ನೆಯಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಗೋಷಾ ಇಲ್ಲದ ಮನೆತನಗಳಲ್ಲಿಯೂ ಅಜ್ಜಂದಿರ ಫೋಟೋ ಇದ್ದು ಅಜ್ಜಿಯರ ಫೋಟೋ ಇಲ್ಲದಿರುವುದಕ್ಕೆ ಇದೇ ಸಂಕೋಚ ಒಂದು ಕಾರಣ.

ಸೊಲ್ಲಾಪುರದಲ್ಲಿ 1870ರ ದಶಕದಿಂದ ಗಿರಣಿಗಳು ಎದ್ದವು. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದರು. ಅಕ್ಕಲಕೋಟೆ, ಇಂಡಿ, ಆಳಂದ ಕಡೆಯಿಂದ ಕನ್ನಡ ಮಾತಿನವರು ಬಂದರು. ಕೈಯಲ್ಲಿ ತಿಂಗಳ ಪಗಾರ ಇರುವ ಒಂದು ವರ್ಗ ಹುಟ್ಟಿತು. ಪೇಟೆಯ ಸ್ಟುಡಿಯೊ ಬೆಳೆದದ್ದು ಇಂಥ ಗಿರಾಕಿಗಳಿಂದ. ಒಣ ಪ್ಲೇಟು, ಮುಂದೆ ಫಿಲ್ಮು ಬಂದಂತೆ ಖರ್ಚೂ ಇಳಿಯಿತು.

ಆ ಸ್ಟುಡಿಯೊ ಹೇಗಿರುತ್ತಿತ್ತು ಎಂಬುದು ಹಿರಿಯರಿಗೆ ನೆನಪಿದೆ. ಹಿಂದೆ ಅರಮನೆಯ ಮೆಟ್ಟಿಲೋ ತೋಟವೋ ಬರೆದ ಪರದೆ. ಮುಂದೆ ಒಂದು ಕುರ್ಚಿ, ಎತ್ತರದ ಸ್ಟೂಲಿನ ಮೇಲೆ ಕಾಗದದ ಹೂವಿನ ಕುಂಡ. ಗೋಡೆಗೆ ಕನ್ನಡಿ, ಬಾಚಣಿಗೆ, ಪೌಡರ ಡಬ್ಬಿ. ಕೋಟು ಇಲ್ಲದವರಿಗೆ ಸ್ಟುಡಿಯೊದ್ದೇ ಕೋಟು. ಎಷ್ಟೋ ಮನೆಗಳ ಅಜ್ಜಂದಿರು ಬೇರೆ ಬೇರೆ ವರ್ಷ ಒಂದೇ ಕೋಟಿನಲ್ಲಿ ಕುಳಿತಿದ್ದಾರೆ! ಅಪ್ಪ ಅವ್ವ ಕುರ್ಚಿಯ ಮೇಲೆ, ಸೊಸೆ ಹಿಂದೆ, ಸಣ್ಣ ಮಕ್ಕಳು ಕಾಲ ಬಳಿ. ಯಾರ ಹೆಗಲ ಮೇಲೆ ಯಾರ ಕೈ ಎಂಬುದಕ್ಕೂ ಕ್ರಮವಿತ್ತು. ಕರಿ ಬಟ್ಟೆಯೊಳಗೆ ತಲೆ ಹಾಕಿದ ಫೋಟೋಗ್ರಾಫರ್ ಮರಾಠಿಯವರಿಗೆ ‘ಹಲೂ ನಕಾ’ ಎನ್ನುತ್ತಿದ್ದ, ಕನ್ನಡದವರಿಗೆ ‘ಅಲುಗಾಡಬ್ಯಾಡ್ರಿ’ ಎನ್ನುತ್ತಿದ್ದ, ತೆಲುಗಿನವರಿಗೆ ‘ಕದಲಕಂಡಿ’ ಎನ್ನುತ್ತಿದ್ದ. ಸೊಲ್ಲಾಪುರದಲ್ಲಿ ಅಂಗಡಿ ಇಡುವವನಿಗೆ ಈ ಮೂರೂ ಬೇಕು.

ಇನ್ನೊಂದು ಸೂಕ್ಷ್ಮ ಸಂಗತಿ. ಹಳೆಯ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಅದು ಕರ್ರಗೆ ಮೂಡುತ್ತಿತ್ತು. ನೀಲಿ ಬೆಳ್ಳಗೆ ಮೂಡುತ್ತಿತ್ತು. ಆದ್ದರಿಂದ ಅಂಥ ಫೋಟೋದಲ್ಲಿ ಅಜ್ಜಿಯ ಹಣೆಯ ಕುಂಕುಮ ಇದ್ದಿಲು ಹಚ್ಚಿದಂತೆ ಕಾಣುತ್ತದೆ, ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪಾಗಿರುತ್ತದೆ. ಅಜ್ಜನ ವಿಭೂತಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಎಲ್ಲ ಬಣ್ಣಗಳನ್ನೂ ಸರಿಯಾಗಿ ಹಿಡಿಯುವ ಪ್ಲೇಟು, ಫಿಲ್ಮುಗಳ ಬಳಕೆ ಹೆಚ್ಚಾದದ್ದು 1930ರ ದಶಕದಿಂದ ಈಚೆಗೆ. ಆದ್ದರಿಂದ ಹಳೆಯ ಫೋಟೋದ ಸೀರೆಯ ಬಣ್ಣ ಊಹಿಸುವಾಗ ಇದನ್ನು ನೆನಪಿಡಬೇಕು.

ಫೋಟೋ ತೆಗೆಯುವುದು ಅರ್ಧ ಕೆಲಸ, ಉಳಿದರ್ಧ ಕತ್ತಲೆ ಕೋಣೆಯಲ್ಲಿ. ಡೆವಲಪರ್, ಹೈಪೋ, ಆಮೇಲೆ ನೀರು, ಮತ್ತೆ ನೀರು. ಹೈಪೋ ಪೂರ್ತಿ ತೊಳೆದು ಹೋಗದಿದ್ದರೆ ಕೆಲವು ವರ್ಷಗಳಲ್ಲಿ ಫೋಟೋ ಹಳದಿಯಾಗುತ್ತದೆ. ಇತ್ತ ಸೊಲ್ಲಾಪುರ ಜಿಲ್ಲೆಯ ನೀರಿನ ಕಥೆ ನಿಮಗೆ ಹೇಳಬೇಕಾಗಿಲ್ಲ. 1972ರ ಬರಗಾಲ ಕಂಡವರಿಗೆ ಕುಡಿಯುವ ನೀರೇ ಬಂಗಾರವಾಗಿತ್ತು. ಅದೂ ಅಲ್ಲದೆ, ಔಷಧದ ನೀರು ಸುಮಾರು 20 ಡಿಗ್ರಿ ಇರಬೇಕು. ನಮ್ಮಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರು ಬಿಸಿಯಾದರೆ ಫಿಲ್ಮಿನ ಮೇಲಿನ ಜೆಲಾಟಿನ್ ಪದರ ಮೆತ್ತಗಾಗಿ ಏಳುತ್ತದೆ, ಮುಖ ಹೋಗಿಬಿಡುತ್ತದೆ. ಬೇಸಿಗೆಯೇ ನಮ್ಮಲ್ಲಿ ಮದುವೆಯ ಕಾಲ! ಮಣ್ಣಿನ ಹರವಿಯ ತಣ್ಣೀರು, ಬರ್ಫದ ತುಂಡು, ರಾತ್ರಿಯ ತಂಪು ಇವುಗಳನ್ನು ನಂಬಿಯೇ ಬೇಸಿಗೆಯ ಕೆಲಸ ನಡೆಯಬೇಕಾಗಿತ್ತು. ಮುಂದೆ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಮುಖದ ಕಲೆ ತಿದ್ದುವುದು, ಪ್ರಿಂಟಿಗೆ ಕೈಯಿಂದ ಬಣ್ಣ ಹಚ್ಚುವುದು. ಕಣ್ಣು ಕಳೆಯುವ ಕೆಲಸ.

ಸ್ವಾತಂತ್ರ್ಯದ ನಂತರ ಕ್ಯಾಮೆರಾ ಸ್ಟುಡಿಯೊದಿಂದ ಹೊರಬಿತ್ತು. ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ ಎಂಬ ಸಾದಾ ಕ್ಯಾಮೆರಾ ಮನೆಮಾತಾಯಿತು. ಒಂದು ರೀಲಿಗೆ 12 ಫೋಟೋ. ವಿದೇಶಿ ಫಿಲ್ಮಿಗೆ ಪರವಾನಿಗೆಯ ತೊಂದರೆ ಇದ್ದ ಕಾಲದಲ್ಲಿ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮು, ಕಾಗದ ಒದಗಿಸಿತು. ಪೂರ್ವ ಜರ್ಮನಿಯ ಓರ್ವೊ ರೀಲು ಕೂಡ ಬರುತ್ತಿತ್ತು. ರೀಲಿನಲ್ಲಿ ಹನ್ನೆರಡೇ ಇರುವುದರಿಂದ ಒಂದನ್ನೂ ಹಾಳು ಮಾಡುವಂತಿಲ್ಲ. ಜಾತ್ರೆಗೆ ಹೋದವರು ರಟ್ಟಿನ ವಿಮಾನದಲ್ಲಿ, ಮೋಟಾರಿನಲ್ಲಿ ಕುಳಿತು ಫೋಟೋ ತೆಗೆಸಿಕೊಂಡು ಬರುತ್ತಿದ್ದರು.

ಇನ್ನು ಫೋಟೋ ತೆಗೆಸಲು ಕಾರಣಗಳು. ಕನ್ಯೆ ತೋರಿಸಲು ಒಂದು, ಮದುವೆಯಾದ ಮೇಲೆ ಜೋಡಿ ಫೋಟೋ ಒಂದು, ಮಗ ಮಿಲಿಟರಿಗೆ ಹೊರಟರೆ ಒಂದು. ಕೊನೆಯದು ಸಾವಿನದು. ನಮ್ಮ ಲಿಂಗಾಯತ ಮನೆತನಗಳಲ್ಲಿ ತೀರಿಕೊಂಡವರನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸುತ್ತಾರೆ. ಆಗ ಮನೆಯವರೆಲ್ಲ ಸುತ್ತ ಕುಳಿತು ಫೋಟೋ ತೆಗೆಸುವ ವಾಡಿಕೆ ಬಂದಿತು. ಬದುಕಿರುವಾಗ ಒಂದು ದಿನವೂ ಕ್ಯಾಮೆರಾದ ಮುಂದೆ ಕುಳ್ಳಿರದ ಎಷ್ಟೋ ಅವ್ವಂದಿರಿಗೆ ಅದೊಂದೇ ಫೋಟೋ. ಮುಂದೆ ಮಕ್ಕಳು ಅದನ್ನೇ ಸ್ಟುಡಿಯೊಕ್ಕೆ ಒಯ್ದು, ‘ಕಣ್ಣು ತೆರದಂಗ ಮಾಡಿ ಕೊಡ್ರಿ’ ಎಂದು ಕೇಳುತ್ತಿದ್ದರು. ಫೋಟೋ ತಿದ್ದುವ ಕಲಾವಿದ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆದು ಕೊಡುತ್ತಿದ್ದ. ಗೋಡೆಯ ಮೇಲಿನ ಕೆಲವು ಅಜ್ಜಿಯರ ನೋಟ ಸ್ವಲ್ಪ ವಿಚಿತ್ರವಾಗಿ ಕಂಡರೆ ಅದಕ್ಕೆ ಇದು ಕಾರಣವಿರಬಹುದು.

ಕೂಲಿ ಮಾಡುವವರಿಗೆ, ಊರ ಹೊರಗಿನ ಕೇರಿಗಳ ಜನರಿಗೆ ಇದೂ ಸಿಗಲಿಲ್ಲ. 1993ರಲ್ಲಿ ಚುನಾವಣಾ ಆಯುಕ್ತ ಶೇಷನ್ ಅವರು ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯವೆಂದಾಗ, ನಮ್ಮ ಹಳ್ಳಿಗಳ ಎಷ್ಟೋ ಮುದುಕಿಯರು ಮೊದಲ ಸಲ ಕ್ಯಾಮೆರಾ ನೋಡಿದರು. ಅವರ ಮನೆಯಲ್ಲಿ ಇಂದು ಗೋಡೆಗೆ ತೂಗುಹಾಕಿರುವುದು ಆ ಚೀಟಿಯ ಫೋಟೋವನ್ನು ದೊಡ್ಡದು ಮಾಡಿಸಿದ್ದೇ.

ಗಡಿಯ ಜನರಿಗೆ ಈ ಫೋಟೋಗಳಿಂದ ಇನ್ನೊಂದು ಉಪಯೋಗವಿದೆ. 1948ಕ್ಕಿಂತ ಮೊದಲು ಅಕ್ಕಲಕೋಟೆ ಒಂದು ಸಂಸ್ಥಾನ, ಆಳಂದ ನಿಜಾಮರದು, ಇಂಡಿ ಮತ್ತು ಸೊಲ್ಲಾಪುರ ಇಂಗ್ಲಿಷರ ಮುಂಬಯಿ ಇಲಾಖೆಯವು. ಆದರೆ ಹೆಣ್ಣು ಕೊಡುವುದು, ತರುವುದು ಈ ಮೂರರಲ್ಲಿಯೂ ನಡೆದಿತ್ತು. 1956ರಲ್ಲಿ ಇಂಡಿ, ಆಳಂದ ಮೈಸೂರು ರಾಜ್ಯಕ್ಕೆ ಹೋದವು. ಸೊಲ್ಲಾಪುರ, ಅಕ್ಕಲಕೋಟೆ ಮುಂಬಯಿಯಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದವಾದವು. ನಕಾಶೆಯಲ್ಲಿ ಅಕ್ಕ ಒಂದು ರಾಜ್ಯಕ್ಕೆ, ತಂಗಿ ಇನ್ನೊಂದು ರಾಜ್ಯಕ್ಕೆ. ಆದರೆ ಹಳೆಯ ಗುಂಪು ಫೋಟೋದಲ್ಲಿ ಇಬ್ಬರೂ ಒಂದೇ ಜಮಖಾನೆಯ ಮೇಲೆ ಕುಳಿತಿದ್ದಾರೆ. ಅದರ ಬೆನ್ನ ಮೇಲೆ ಹೆಸರುಗಳು ಒಮ್ಮೆ ಮೋಡಿಯಲ್ಲಿ, ಒಮ್ಮೆ ಬಾಳಬೋಧದಲ್ಲಿ, ಒಮ್ಮೆ ಕನ್ನಡದಲ್ಲಿ ಇರುತ್ತವೆ. ಹೆಚ್ಚಿನವುಗಳಲ್ಲಿ ಹೆಸರೇ ಇರುವುದಿಲ್ಲ. ‘ಎಲ್ಲರಿಗೂ ಗೊತ್ತಿದೆಯಲ್ಲ, ಬರೆಯುವುದೇಕೆ’ ಎಂದು ಬಿಟ್ಟದ್ದು. ಈಗ ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಸ್ಟುಡಿಯೊಗಳ ಕಥೆಯೂ ಹೀಗೆಯೇ. 1980ರ ದಶಕದಲ್ಲಿ ಬಣ್ಣದ ಫೋಟೋದ ಯಂತ್ರ ಬಂದು ಕತ್ತಲೆ ಕೋಣೆ ಮುಚ್ಚಿತು. 2000ದ ನಂತರ ಡಿಜಿಟಲ್ ಬಂದು ಫಿಲ್ಮು ಹೋಯಿತು. ಊಟಿಯ ಕಾರ್ಖಾನೆಯೂ ಮುಚ್ಚಿದೆ. ಹಳೆಯ ನೆಗೆಟಿವ್ ಪೆಟ್ಟಿಗೆಗಳು ಬೆಳ್ಳಿ ತೆಗೆಯುವವರ ಪಾಲೋ ರದ್ದಿಯ ಪಾಲೋ ಆಗುತ್ತವೆ. ಹೀಗಾಗಬೇಕೆಂದೇನೂ ಇಲ್ಲ. ಆಫ್ರಿಕದ ಮಾಲಿ ದೇಶದ ಬಮಾಕೊ ಎಂಬ ಊರಿನಲ್ಲಿ 1948ರಲ್ಲಿ ಸೇಡು ಕೈಟಾ ಎಂಬಾತ ಒಂದು ಸ್ಟುಡಿಯೊ ತೆರೆದಿದ್ದ. ಅವನೂ ಪರದೆ ಕಟ್ಟಿ, ಗಿರಾಕಿಗಳಿಗೆ ಕೋಟು, ಗಡಿಯಾರ ಕೊಟ್ಟು ಫೋಟೋ ತೆಗೆದವನೇ. ನೆಗೆಟಿವ್‌ಗಳನ್ನು ಜೋಪಾನ ಮಾಡಿದ್ದರಿಂದ 1990ರ ದಶಕದಲ್ಲಿ ಅವು ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡು ಆ ದೇಶದ ಇತಿಹಾಸವೇ ಆದವು. ನಮ್ಮ ಪಕ್ಕದ ತಮಿಳುನಾಡಿನ ಹಳೆಯ ಸ್ಟುಡಿಯೊಗಳ ಫೋಟೋಗಳನ್ನು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಹುಡುಕಿ, ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಪ್ರತಿ ಮಾಡಿ ಇಟ್ಟಿದೆ. ಸೊಲ್ಲಾಪುರದ ಪೆಟ್ಟಿಗೆಗಳಿಗೂ ಅಷ್ಟೇ ಯೋಗ್ಯತೆ ಇದೆ.

ಅಂಥ ಸಂಸ್ಥೆ ಬರುವವರೆಗೆ ನಾವು ನಮ್ಮ ಮನೆಯಲ್ಲಿ ಮಾಡಬಹುದಾದದ್ದು ಬಹಳ ಸುಲಭ. ಹಳೆಯ ಫೋಟೋಗಳನ್ನು ಬಿಸಿಲು ಬೀಳುವ ಗೋಡೆಯಿಂದ, ಒಲೆಯ ಹೊಗೆಯಿಂದ ದೂರ ಇಡಿ. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಹಾಗೆಯೇ ಇರಲಿ. ನೀರು ಹಚ್ಚಿ ಒರೆಸಬೇಡಿ. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿ. ಮೊಬೈಲಿನಿಂದ ನೆರಳು ಬೀಳದಂತೆ ಒಂದು ಪ್ರತಿ ತೆಗೆದಿಡಿ. 1970-80ರ ಬಣ್ಣದ ಫೋಟೋಗಳಿಗೆ ಇದು ಮೊದಲು ಆಗಬೇಕು. ಅವು ಕಪ್ಪು-ಬಿಳುಪಿಗಿಂತ ಬೇಗ ಕೆಂಪಾಗಿ ಮಾಸುತ್ತವೆ. ಎಲ್ಲಕ್ಕಿಂತ ಮುಖ್ಯ, ಅಜ್ಜ ಅಜ್ಜಿ, ಕಾಕಾ, ಅತ್ತಿ ಯಾರಾದರೂ ಹಿರಿಯರು ಇದ್ದರೆ ಈ ವಾರವೇ ಅವರ ಬಳಿ ಕುಳಿತು ಒಬ್ಬೊಬ್ಬರ ಹೆಸರು ಕೇಳಿ. ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ ಬೇಡ, ಅದು ಮುಂದೆ ಮೂಡುತ್ತದೆ. ಕನ್ನಡವಾಗಲಿ ಮರಾಠಿಯಾಗಲಿ, ನಿಮಗೆ ಬರುವ ಅಕ್ಷರದಲ್ಲಿ ಬರೆಯಿರಿ. ಹೆಂಗಸರನ್ನು ‘ಇಂಥವರ ಹೆಂಡತಿ’ ಎಂದು ಬರೆದು ಬಿಡದೆ, ಅವರ ಹೆಸರು ಮತ್ತು ತವರೂರು ಎರಡನ್ನೂ ಬರೆಯಿರಿ. ನಮ್ಮ ಸೀಮೆಯ ಇತಿಹಾಸ ಬರೆಯುವವರಿಗೆ ಆ ಒಂದು ಸಾಲು ಬಹಳ ಉಪಯೋಗಕ್ಕೆ ಬರುತ್ತದೆ.