ಪಿಂಕ್ ಫ್ಲಾಯ್ಡ್‌ನ ಹಳೇ ಟೇಪುಗಳು: ಉಳಿಸಿದ್ದು ಯಾರು, ಮಾಲೀಕರು ಯಾರು?

2024ರ ಅಕ್ಟೋಬರ್‌ನಲ್ಲಿ ಪಿಂಕ್ ಫ್ಲಾಯ್ಡ್ ತನ್ನ ರೆಕಾರ್ಡಿಂಗ್‌ಗಳ ಹಕ್ಕನ್ನು ಸೋನಿಗೆ ಮಾರಿದ ಸುದ್ದಿ ಬಂತು. ಬೆಲೆ ಸುಮಾರು 40 ಕೋಟಿ ಡಾಲರ್ ಅಂತ ವರದಿಗಳು ಹೇಳಿದವು. ದುಡ್ಡಿನ ದುರಾಸೆಯ ವಿರುದ್ಧ ಹಾಡಿದವರೇ ಹೀಗಾ ಅಂತ ಗೇಲಿ ಮಾಡೋದು ಸುಲಭ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಈ ಬ್ಯಾಂಡಿನ ಆರಂಭದ ಹಾಡುಗಳು ಇಷ್ಟು ವರ್ಷ ಯಾರಿಂದ ಉಳಿದವು?

ಮೊದಲು ಅವರೇ ಅಭಿಮಾನಿಗಳು

ಲಂಡನ್ನಿನಲ್ಲಿ ಹುಟ್ಟಿದ ಈ ಬ್ಯಾಂಡಿಗೆ ಹೆಸರು ಕೊಟ್ಟಿದ್ದು ಸಿಡ್ ಬ್ಯಾರೆಟ್. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಅಮೆರಿಕದ ಇಬ್ಬರು ಕಪ್ಪು ಬ್ಲೂಸ್ ಕಲಾವಿದರ ಹೆಸರನ್ನು ಸೇರಿಸಿ ಮಾಡಿದ್ದು ಅದು. 1964-65ರಲ್ಲಿ ಇವರು ಮಾಡಿದ ಮೊದಲ ರೆಕಾರ್ಡಿಂಗ್‌ಗಳು ಆರು. ಅದರಲ್ಲಿ ‘ಐಯಾಮ್ ಎ ಕಿಂಗ್ ಬೀ’ ಇವರದ್ದಲ್ಲ. ಲೂಯಿಸಿಯಾನಾದ ಸ್ಲಿಮ್ ಹಾರ್ಪೋ 1957ರಲ್ಲಿ ಹಾಡಿದ್ದು. ಅಂದ್ರೆ ಪಿಂಕ್ ಫ್ಲಾಯ್ಡ್ ಶುರುವಾಗಿದ್ದೇ ಫ್ಯಾನ್ ಕವರ್‌ನಿಂದ.

ಕವರ್ ಬೇರೆ, ಬೂಟ್‌ಲೆಗ್ ಬೇರೆ

ಒಂದು ಹಾಡಿಗೆ ಎರಡು ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ರಾಗದ ಹಕ್ಕು ಬರೆದವರದ್ದು; ಧ್ವನಿಮುದ್ರಿಕೆಯ ಹಕ್ಕು ಸಾಮಾನ್ಯವಾಗಿ ಕಂಪನಿಯದ್ದು. ಇನ್ನೊಬ್ಬರ ಹಾಡನ್ನು ನೀವೇ ಹಾಡಿ ರೆಕಾರ್ಡ್ ಮಾಡಿದರೆ ಅದು ಕವರ್. ಬರೆದವರಿಗೆ ರಾಯಲ್ಟಿ ಕೊಟ್ಟರೆ ಅದು ಕಾನೂನುಬದ್ಧ. ಅನುಮತಿ ಇಲ್ಲದೆ ಕಛೇರಿಯನ್ನೋ ಸ್ಟುಡಿಯೋ ಟೇಪನ್ನೋ ನಕಲು ಮಾಡಿ ಹಂಚಿದರೆ ಅದು ಬೂಟ್‌ಲೆಗ್. ಅದರಲ್ಲಿ ಕಲಾವಿದರಿಗೆ ನಯಾಪೈಸೆ ಸಿಗಲ್ಲ.

‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಬಂದದ್ದು 1973ರ ಮಾರ್ಚ್‌ನಲ್ಲಿ. ಆದರೆ 1972ರ ಫೆಬ್ರವರಿಯಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ ಅದನ್ನು ನುಡಿಸಿದ್ದರ ಬೂಟ್‌ಲೆಗ್ ಆಲ್ಬಂಗಿಂತ ಮೊದಲೇ ಮಾರಾಟದಲ್ಲಿತ್ತು. ಇದು ಬ್ಯಾಂಡಿಗೆ ಆದ ನಷ್ಟವೇ, ಅನುಮಾನ ಬೇಡ.

ಬಿಡುಗಡೆಯೇ ಆಗದ ಹಾಡಿಗೆ ಕವರ್!

ಕಥೆಗೆ ಇನ್ನೊಂದು ಮುಖವೂ ಇದೆ. 1967ರಲ್ಲಿ ಬ್ಯಾರೆಟ್ ‘ವೆಜಿಟೆಬಲ್ ಮ್ಯಾನ್’ ಬರೆದರು. ಅವರ ಮಾನಸಿಕ ಆರೋಗ್ಯ ಕುಸಿಯುತ್ತಿದ್ದ ಕಾಲ ಅದು; 1968ರಲ್ಲಿ ಅವರು ಬ್ಯಾಂಡಿನಿಂದ ಹೊರಬಿದ್ದರು. ಹಾಡು ಕಪಾಟು ಸೇರಿತು. ಆದರೆ ಟೇಪಿನ ನಕಲುಗಳು ಅಭಿಮಾನಿಗಳ ಕೈಯಿಂದ ಕೈಗೆ ಓಡಾಡಿದವು. 1984ರಲ್ಲಿ ಸ್ಕಾಟ್ಲೆಂಡಿನ ‘ದಿ ಜೀಸಸ್ ಅಂಡ್ ಮೇರಿ ಚೈನ್’ ತನ್ನ ಮೊದಲ ಸಿಂಗಲ್‌ನ ಬಿ-ಸೈಡಿಗೆ ಇದೇ ಹಾಡನ್ನು ಹಾಕಿತು. ಮೂಲ ಹಾಡು ಅಂಗಡಿಯಲ್ಲಿಲ್ಲ, ಕವರ್ ಮಾತ್ರ ಇದೆ!

ಮೂಲ ಅಧಿಕೃತವಾಗಿ ಹೊರಬಂದದ್ದು 2016ರಲ್ಲಿ, ‘ದಿ ಅರ್ಲಿ ಇಯರ್ಸ್ 1965-1972’ ಬಾಕ್ಸ್ ಸೆಟ್ಟಿನಲ್ಲಿ. ಬ್ಯಾರೆಟ್ ತೀರಿಕೊಂಡು ಆಗಲೇ 10 ವರ್ಷವಾಗಿತ್ತು. ಡ್ರಮ್ಮರ್ ನಿಕ್ ಮೇಸನ್ 2018ರಲ್ಲಿ ಕಟ್ಟಿದ ‘ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’ ತಂಡ ಅದನ್ನು ವೇದಿಕೆಯಲ್ಲೂ ನುಡಿಸಿದೆ.

50 ವರ್ಷದ ಗಡುವು

ಕಪಾಟಿನ ಬೀಗ ಈಗ್ಯಾಕೆ ತೆರೆಯಿತು? ದಿನಾಂಕಗಳನ್ನು ನೋಡಿ. ಐರೋಪ್ಯ ಒಕ್ಕೂಟ 2011ರಲ್ಲಿ ಧ್ವನಿಮುದ್ರಿಕೆಗಳ ಹಕ್ಕನ್ನು 50ರಿಂದ 70 ವರ್ಷಕ್ಕೆ ಏರಿಸಿತು. ಬ್ರಿಟನ್ 2013ರಲ್ಲಿ ಅದನ್ನು ಜಾರಿಗೆ ತಂದಿತು. ಆದರೆ ಒಂದು ಷರತ್ತಿದೆ: ರೆಕಾರ್ಡ್ ಮಾಡಿದ 50 ವರ್ಷದೊಳಗೆ ಹೊರತರದಿದ್ದರೆ ಆ ಧ್ವನಿಮುದ್ರಿಕೆಯ ಹಕ್ಕೇ ಹೋಗುತ್ತದೆ.

1965ರ ರೆಕಾರ್ಡಿಂಗ್‌ಗಳು 2015ರಲ್ಲಿ ಬಂದವು, ಅದೂ ಸಾವಿರ ಚಿಲ್ಲರೆ ಪ್ರತಿ ಮಾತ್ರ. 1967ರದ್ದು 2016ರಲ್ಲಿ. 2021ರ ಡಿಸೆಂಬರಿನಲ್ಲಿ ಹಳೆಯ ಲೈವ್ ಕಛೇರಿಗಳು ಸದ್ದಿಲ್ಲದೆ ಸ್ಟ್ರೀಮಿಂಗ್‌ಗೆ ಬಂದವು. ಬಾಬ್ ಡಿಲನ್‌ನ 2012ರ ಇಂಥ ಸಂಗ್ರಹಕ್ಕೆ ‘ಕಾಪಿರೈಟ್ ವಿಸ್ತರಣಾ ಸಂಗ್ರಹ’ ಅಂತಲೇ ಉಪಶೀರ್ಷಿಕೆ ಇತ್ತು. ಸುಮಾರು 100 ಪ್ರತಿ ಅಷ್ಟೇ.

ಹಾಗಾದರೆ ಏನಾಗಬೇಕು?

ಹಕ್ಕು ಕೊಡೋದು ಸೃಷ್ಟಿಸಿದವರು ಬದುಕಲಿ, ಕೃತಿ ಜನರಿಗೆ ತಲುಪಲಿ ಅಂತ. 100 ಪ್ರತಿ ಅಚ್ಚು ಹಾಕಿ ಇನ್ನೂ 70 ವರ್ಷದ ಹಕ್ಕು ಪಡೆಯೋದು ಎರಡನೇ ಉದ್ದೇಶಕ್ಕೆ ಮಾಡುವ ಮೋಸ. ‘ಬಳಸು, ಇಲ್ಲವೇ ಬಿಡು’ ಎಂಬ ನಿಯಮ ಒಳ್ಳೆಯದು. ಆದರೆ ‘ಬಳಸು’ ಅಂದರೆ ಸಾಮಾನ್ಯ ಕೇಳುಗನಿಗೂ ಸಿಗುವಂತಿರಬೇಕು ಅಂತ ಕಾನೂನು ಹೇಳಬೇಕು.

ಬೂಟ್‌ಲೆಗ್ ವ್ಯಾಪಾರಿಗಳನ್ನು ಹೀರೋ ಮಾಡಬೇಕಿಲ್ಲ. ಆದರೆ ಲಾಭವಿಲ್ಲದೆ ಟೇಪು ಹಂಚಿಕೊಂಡ, ಕವರ್ ಹಾಡಿದ ಕೇಳುಗರು ಮಾಡಿದ್ದು ಆರ್ಕೈವ್ ಕೆಲಸ. 40 ಕೋಟಿ ಡಾಲರಿನ ಲೆಕ್ಕದಲ್ಲಿ ಸ್ಲಿಮ್ ಹಾರ್ಪೋನನ್ನು ಕೇಳಿ ಕಲಿತ ಹುಡುಗರೂ ಇದ್ದಾರೆ, ಆ ಹುಡುಗರ ಟೇಪನ್ನು ಕಾಪಾಡಿದವರೂ ಇದ್ದಾರೆ. ಕಾನೂನು ಇವತ್ತು ನೋಡ್ತಿರೋದು ಕೊನೆಯ ಖರೀದಿದಾರನನ್ನು ಮಾತ್ರ.